ಬೆವರುವ ಗಾಜು

ಇಪ್ಪತ್ತಾರು ವರ್ಷಗಳಲ್ಲಿ ಫಳಫಳಮ್ಮನನ್ನು ಸೋಲಿಸಿದ ಗಾಜು ಆ ಗ್ರಂಥಾಲಯದಲ್ಲಿ ಒಂದೂ ಇರಲಿಲ್ಲ. ಕಿಟಕಿಗಳು ನೂರಾಹನ್ನೆರಡು, ಪುಸ್ತಕದ ಕಪಾಟುಗಳ ಗಾಜಿನ ಬಾಗಿಲುಗಳು ಅದರ ಎರಡರಷ್ಟು, ಮಹಡಿಯ ಮೇಲೆ ಹಳೆಯ ಹಸ್ತಪ್ರತಿಗಳನ್ನು ಮಲಗಿಸಿಟ್ಟ ಪೆಟ್ಟಿಗೆಗಳು ಹದಿನಾಲ್ಕು. ಅವಳು ಬಕೆಟ್ಟು ಹಿಡಿದು ಬಂದರೆ ಎಲ್ಲವೂ ಹೇಳಿದ ಮಾತು ಕೇಳುತ್ತಿದ್ದವು. ಅವಳ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಹಿಂದಿನ ಗ್ರಂಥಪಾಲಕರೊಬ್ಬರು ಅವಳು ಆಗಷ್ಟೇ ಒರೆಸಿದ್ದ ಬಾಗಿಲು ತೆರೆದೇ ಇದೆ ಎಂದುಕೊಂಡು ನುಗ್ಗಿ, ಮೂಗು ಜಜ್ಜಿಕೊಂಡು, "ಏನಮ್ಮಾ ನಿನ್ನ ಫಳಫಳ!" ಎಂದು ನರಳಿದ್ದರು. ಅಂದಿನಿಂದ ಅದೇ ಹೆಸರಾಯಿತು. ಅವಳೂ ಅದನ್ನು ಬಿರುದಿನ ಹಾಗೆ ಹೊತ್ತುಕೊಂಡು ತಿರುಗುತ್ತಿದ್ದಳು.

ಅವಳ ಕೆಲಸಕ್ಕೆ ಎರಡು ನೇಮಗಳಿದ್ದವು. ಒಂದು ಅವಳದೇ: ಒರೆಸುವಾಗ ಓದಕೂಡದು. ಕೆಲಸಕ್ಕೆ ಸೇರಿದ ಮೊದಲ ವಾರ ಧೂಳು ಹೊಡೆಯುತ್ತ ಹೊಡೆಯುತ್ತ ಒಂದು ಕತೆಪುಸ್ತಕ ಬಿಡಿಸಿ, ನಿಂತಲ್ಲೇ ಅರವತ್ತು ಪುಟ ಓದಿ, ಕಪಾಟನ್ನು ಹಾಗೇ ಬಿಟ್ಟು ಬೈಸಿಕೊಂಡಿದ್ದಳು. ಆಮೇಲೆ ಅಕ್ಷರ ಕಣ್ಣಿಗೆ ಬಿದ್ದರೂ ಧೂಳಿನ ಜೊತೆಗೆ ಅದನ್ನೂ ಸೇರಿಸಿ ಮುಂದಕ್ಕೆ ಹೋಗುವುದನ್ನು ಕಲಿತಳು. ಓದುವುದೇನಿದ್ದರೂ ಸಂಜೆ, ಮನೆಯಲ್ಲಿ, ಕಾಲು ಚಾಚಿಕೊಂಡು.

ಎರಡನೆಯ ನೇಮ ಗ್ರಂಥಾಲಯದ್ದು. ಏನು ಕೆಟ್ಟರೂ ದೂರು ಪುಸ್ತಕದಲ್ಲಿ ಬರೆಯಬೇಕು. ಸರಿಯಾಯಿತೆಂದು ದೂರು ಕೊಟ್ಟವರೇ ಕೈಯಾರೆ ಬರೆದು ಸಹಿ ಹಾಕುವ ತನಕ ದೂರು ತೀರಿದಂತಲ್ಲ. ಹಿಂದೊಮ್ಮೆ ಒಂದು ನಲ್ಲಿಯನ್ನು ರಿಪೇರಿಯವನೇ ಮೂರು ಸಲ 'ಸರಿಯಾಗಿದೆ' ಎಂದು ಬರೆದು ಹೋಗಿ, ಕೆಳಗಿನ ಕೋಣೆಯಲ್ಲಿ ನಿಘಂಟುಗಳು ತೇಲಾಡಿದ ಮೇಲೆ ಬಂದ ನೇಮ ಅದು. ಆ ಪುಸ್ತಕದಲ್ಲಿ ಫಳಫಳಮ್ಮ ಬರೆದದ್ದೆಂದರೆ ತೀರ್ಪು ಕೊಟ್ಟ ಹಾಗೆ. ಅವಳ ದೂರು ಒಂದು ಸಲವೂ ಸುಳ್ಳಾಗಿರಲಿಲ್ಲ.

ಇಂಥವಳು ತಂಗಿಯ ಮನೆಯ ಸಾಮಾನು ಸಾಗಿಸಲು ಒಂದು ವಾರ ರಜೆ ಹಾಕಿದಳು. ಸೋಮವಾರ ಬೆಳಗ್ಗೆ ಎಂಟು ಗಂಟೆಗೆ ವಾಪಸು ಬಂದು ನೋಡಿದರೆ, ಓದುವ ಕೋಣೆಯ ಹೊರಗಿನ ಗೋಡೆಯಲ್ಲಿ ಆಳೆತ್ತರದ ಹೊಸ ಗಾಜು ನಿಂತಿತ್ತು. ಕಿಟಕಿಗಿರುವಂಥ ಮರದ ಚೌಕಟ್ಟು, ಹಿಂದೆಲ್ಲೋ ಮಂಕು ಬೆಳಕು. ಗಾಜಿನ ತುಂಬ ಮಂಜು.

"ಬಂದು ನಾಲ್ಕು ದಿನ ಆಗಿಲ್ಲ, ಆಗಲೇ ಈ ಗತಿ" ಎಂದು ಗೊಣಗಿ ಬಟ್ಟೆ ಹಿಂಡಿ ಒಂದು ಕೈ ಆಡಿಸಿದಳು. ಬಟ್ಟೆ ಹೋದಲ್ಲೆಲ್ಲ ಮಂಜು ಕರಗಿ, ಹಿಂದಿನಿಂದ ಏನೇನೋ ಅಕ್ಷರಗಳು ಇಣುಕಿದವು. ಮಾರಿದವರು ಅಂಟಿಸಿದ ಚೀಟಿಯಿರಬೇಕೆಂದು ಅವುಗಳ ಕಡೆ ನೋಡಲಿಲ್ಲ. ಮೇಲಿನಿಂದ ಅರ್ಧದ ತನಕ ಒರೆಸಿ, ಬಟ್ಟೆ ಜಾಲಿಸಲು ಬಕೆಟ್ಟಿಗೆ ಬಗ್ಗಿ, ಎದ್ದು ನೋಡಿದಳು. ಮಂಜು ಮೊದಲಿನ ಹಾಗೇ ತುಂಬಿಕೊಂಡಿತ್ತು.

ಫಳಫಳಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

ಐದು ಸಲ ಒರೆಸಿದಳು. ಐದು ಸಲವೂ ಬಗ್ಗಿ ಏಳುವುದರೊಳಗೆ ಗಾಜು ಮತ್ತೆ ಮುಸುಕು ಹಾಕಿಕೊಂಡಿತು. ಗ್ರಂಥಪಾಲಕರು ಬಂದ ಕೂಡಲೇ ಹೋಗಿ ಹಿಡಿದಳು. ಅವರು ಮೆತ್ತನೆಯ ಮನುಷ್ಯ, ಪುಸ್ತಕ ಬಿಟ್ಟರೆ ಬೇರೆ ಯಾವ ವಸ್ತುವಿನ ಗುಂಡಿಯನ್ನೂ ಒತ್ತುವ ಧೈರ್ಯ ಇಲ್ಲದವರು.

"ಅದು ಗಾಜಲ್ಲಮ್ಮ, ಪರದೆ. ಒಳಗೆ ಕಂಪ್ಯೂಟರ್ ಇದೆ. ಸಮಿತಿಯೋರು ತರಿಸಿದ್ದು. ಪಕ್ಕದಲ್ಲಿ ಫಲಕ ಹಾಕಿದಾರಲ್ಲ, ಓದಿ."

ಫಲಕದಲ್ಲಿ 'ಮಾಧ್ಯಮದ ಪಾರದರ್ಶಕತೆಯನ್ನೇ ಪ್ರಶ್ನೆಗೊಡ್ಡುವ ಸಂವಾದಾತ್ಮಕ ಡಿಜಿಟಲ್ ಕಾವ್ಯಾನುಸಂಧಾನ' ಎಂದಿತ್ತು. ಅದನ್ನು ಬರೆದದ್ದು ಸಮಿತಿಯ ಕಾರ್ಯದರ್ಶಿ. ಫಳಫಳಮ್ಮ ಮೊದಲ ಎರಡು ಪದ ಓದಿ ಆಕಳಿಸಿ, ಫಲಕದ ಧೂಳು ಒರೆಸಿ ಬಂದಳು.

"ನಿಮಗೆ ಅರ್ಥ ಆಯ್ತಾ ಸಾರ್?"

ಗ್ರಂಥಪಾಲಕರು ಅದನ್ನು ಎರಡು ಸಲ ಓದಿದ್ದರು. ಅರ್ಥವಾಗಿರಲಿಲ್ಲ, ಕೇಳುವುದಕ್ಕೆ ನಾಚಿಕೆ. "ಕಾವ್ಯ ಅಂತೆ" ಎಂದರು. "ಇನ್ನೂ ಶುರು ಆಗಿಲ್ಲ ಅನ್ಸುತ್ತೆ."

"ಕಾವ್ಯನೋ ಏನೋ. ಒಳಗೆ ನೀರು ಹೊಕ್ಕಿದೆ ಸಾರ್, ಬೆವರ್ತಾ ಇದೆ" ಎಂದು ಫಳಫಳಮ್ಮ ದೂರು ಪುಸ್ತಕ ಎಳೆದುಕೊಂಡು ಬರೆದಳು: 'ಹೊಸ ಗಾಜು ಬೆವರುತ್ತಿದೆ. ಒರೆಸಿದರೆ ನಿಲ್ಲುತ್ತಿಲ್ಲ.'

ಬರೆದರೂ ಅವಳಿಗೆ ಸಮಾಧಾನವಿರಲಿಲ್ಲ. ಮಂಗಳವಾರ ಸೋಪಿನ ನೀರು, ಬುಧವಾರ ವಿನಿಗರ್, ಗುರುವಾರ ಹಳೆಯ ಪೇಪರಿನ ಉಂಡೆ, ಶುಕ್ರವಾರ ಸ್ಪಿರಿಟ್ಟು. ಗಾಜು ಜಗ್ಗಲಿಲ್ಲ. ಅದು ಬೇಕೆಂದೇ ತನ್ನನ್ನು ಆಡಿಸುತ್ತಿದೆ ಅನ್ನಿಸತೊಡಗಿತು. ಬಂದವರೆಲ್ಲ ಬೆರಳಿಟ್ಟು ಇನ್ನಷ್ಟು ಕೆಡಿಸುತ್ತಾರೆಂದು ಎರಡನೆಯ ದಿನವೇ ಮಹಡಿಯಿಂದ ಹಿತ್ತಾಳೆಯ ಕಾಲಿನ ಒಂದು ಬೋರ್ಡು ಹೊತ್ತು ತಂದು ಗಾಜಿನ ಮುಂದೆ ನಿಲ್ಲಿಸಿದ್ದಳು. ಹಸ್ತಪ್ರತಿಗಳ ಮುಂದೆ ಇಡುವ, 'ಮುಟ್ಟಬೇಡಿ' ಎಂಬ ಬೋರ್ಡು. ಆ ಗ್ರಂಥಾಲಯದ ಓದುಗರು ಬೋರ್ಡಿಗೆ ಅಂಜುವ ಜನ. ಅಲ್ಲಿಂದಾಚೆ ಒಬ್ಬರೂ ಹತ್ತಿರ ಸುಳಿಯಲಿಲ್ಲ. ಕೈ ಹಿಂದಕ್ಕೆ ಕಟ್ಟಿ, ಮಂಜು ನೋಡಿ, ಫಲಕ ನೋಡಿ, ತಲೆಯಾಡಿಸಿ ಹೋಗುತ್ತಿದ್ದರು.

ದೂರು ಮಾತ್ರ ದಿನಕ್ಕೊಂದರಂತೆ ಬೆಳೆಯಿತು. ಮೂರನೆಯ ವಾರದ ಬುಧವಾರಕ್ಕೆ ಹದಿನೈದಾದವು. ಆ ಸಂಜೆ ಗ್ರಂಥಪಾಲಕರು ಅವಳನ್ನು ಕರೆದು, "ನೀವು ಗೆದ್ರಿ ಬಿಡಿ" ಎಂದರು. "ಶನಿವಾರ ಅಧ್ಯಕ್ಷರು ಸಮಿತಿ ಕರ್ಕೊಂಡು ಬರ್ತಾರೆ. ನಿಮ್ಮ ದೂರಿನ ಮೇಲೆ ಪರದೆ ತೆಗೆಸಿಬಿಡ್ತಾರಂತೆ. ಆ ಜಾಗದಲ್ಲಿ ಇನ್ನೊಂದು ಕಪಾಟು."

ಖುಷಿಯಾಗಬೇಕಿತ್ತು. ಆದರೆ ಮನೆ ಸೇರುವಷ್ಟರಲ್ಲಿ ಅವಳ ಮುಖ ಊದಿಕೊಂಡಿತ್ತು. ತೆಗೆಸಿದರೆ ಗಾಜು ಹೋಯಿತು, ತಾನು ಗೆದ್ದಂತೇನಾಯಿತು? ಒರೆಸಲಾಗದೆ ಓಡಿಸಿದಳು ಎನ್ನುವುದಿಲ್ಲವೇ ಜನ?

ಗಂಡ ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು. ಈಗಲೂ ಕುರ್ಚಿಯಲ್ಲಿ ಕೂತರೆ ಬಲಗಾಲು ಮುಂದಕ್ಕೆ ಚಾಚುತ್ತಿದ್ದ, ಬ್ರೇಕಿಗೆ. ಅವಳ ಕತೆಯೆಲ್ಲ ಕೇಳಿ ಗಹಗಹಿಸಿ ನಕ್ಕ.

"ನಗಬೇಡ್ರೀ. ಇಪ್ಪತ್ತಾರು ವರ್ಷದ ಮರ್ಯಾದೆ."

"ಅಲ್ವೇ, ಬೆವರೋ ಗಾಜಿಗೆ ವಿನಿಗರ್ ಹಾಕ್ತಾರಾ ಯಾರಾದ್ರೂ? ಒಳಗೆ ಬೆಚ್ಚಗೆ, ಹೊರಗೆ ತಣ್ಣಗೆ, ಅದಕ್ಕೇ ಬೆವರೋದು. ಬಸ್ಸಿನ ಮುಂದಿನ ಗಾಜಿಗೆ ನಾವೇನು ಮಾಡ್ತಿದ್ವಿ? ಆಲೂಗಡ್ಡೆ!"

"ಆಲೂಗಡ್ಡೆನಾ?"

"ಎರಡು ಹೋಳು ಮಾಡ್ಕೋ. ಒಂದೊಂದು ಕೈಲಿ ಒಂದೊಂದು. ಗುಂಡಗುಂಡಗೆ ಉಜ್ಜು. ಆದ್ರೆ ನಿಲ್ಲಿಸಬಾರದು, ಅದೇ ಗುಟ್ಟು. ನಿಲ್ಲಿಸಿದ್ರೆ ಗೆರೆ ಬೀಳುತ್ತೆ. ನಾಲ್ಕು ನಿಮಿಷ ಕೈ ಬಿಡದೆ ಉಜ್ಜಿದ್ರೆ ಮಂಜು ಹತ್ತಿರ ಬರಲ್ಲ."

ಗುರುವಾರ ಬೆಳಗ್ಗೆ ಫಳಫಳಮ್ಮ ಚೀಲದಲ್ಲಿ ದಪ್ಪನೆಯ ಆಲೂಗಡ್ಡೆ ಇಟ್ಟುಕೊಂಡು ಬಂದಳು. ಯಾರೂ ಇಲ್ಲದ್ದನ್ನು ನೋಡಿಕೊಂಡು, 'ಮುಟ್ಟಬೇಡಿ' ಬೋರ್ಡನ್ನು ಪಕ್ಕಕ್ಕೆ ಸರಿಸಿ, ಎರಡು ಕೈಯಲ್ಲಿ ಎರಡು ಹೋಳು ಹಿಡಿದು, ಯುದ್ಧಕ್ಕೆ ನಿಂತಳು.

ಮೊದಲ ನಿಮಿಷ ಎಂದಿನಂತೆಯೇ. ಮಂಜು ಸರಿಯುವುದು, ಅಕ್ಷರ ಇಣುಕುವುದು. ಆದರೆ ಇವತ್ತು ಬಕೆಟ್ಟಿಗೆ ಬಗ್ಗುವ ಕೆಲಸವಿಲ್ಲ, ಬಟ್ಟೆ ಹಿಂಡುವ ಕೆಲಸವಿಲ್ಲ. ಕೈಗಳು ತಮ್ಮ ಪಾಡಿಗೆ ಸುತ್ತುತ್ತಿದ್ದವು, ಕಣ್ಣಿಗೆ ಮಾಡಲು ಬೇರೇನೂ ಇರಲಿಲ್ಲ. ಇಪ್ಪತ್ತಾರು ವರ್ಷಗಳಲ್ಲಿ ಮೊದಲ ಸಲ ಒರೆಸುತ್ತ ಒರೆಸುತ್ತ ಅವಳು ಓದಿಬಿಟ್ಟಳು.

*ನನ್ನ ಹಾಸಿಗೆ ಕಿಟಕಿಗೆ ಹತ್ತಿರ,*

ಎಡಗೈ ಅದನ್ನು ದಾಟಿ ಹೋದ ಮೇಲೆ ಬಲಗೈಯ ಕೆಳಗೆ ಇನ್ನೊಂದು ಸಾಲು ಬಂತು.

*ಕಿಟಕಿ ಅಮ್ಮನಿಗೆ ಹತ್ತಿರ.*

ಮೊದಲ ಸಾಲಿನ ಮೇಲೆ ಆಗಲೇ ಮಂಜು ಹರಡುತ್ತಿತ್ತು. ಬೇಗ ಅಲ್ಲಿಗೆ ಕೈ ಹಾಯಿಸಿದಳು. ಅದು ಉಳಿಯಿತು. ಕೆಳಗೆ ಮೂರನೆಯದು ಮೂಡಿತು.

*ಅಮ್ಮ ಒಳಗೆ ಬರುವಂತಿಲ್ಲ.*

ಫಳಫಳಮ್ಮನ ಕೈ ಚುರುಕಾಯಿತು. ಇದು ಮಾರಿದವರ ಚೀಟಿಯಲ್ಲ. ಯಾವುದೋ ಮಗು ಆಸ್ಪತ್ರೆಯಲ್ಲಿದೆ, ಅಂಟುವ ಕಾಯಿಲೆ, ತಾಯಿ ಹೊರಗೆ ನಿಂತಿದ್ದಾಳೆ. ಒರೆಸಿದ ಜಾಗದಲ್ಲಿ ಅಕ್ಷರಗಳ ಹಿಂದೆ ಒಂದು ನೆರಳೂ ಕಾಣುತ್ತಿತ್ತು, ಹೆಂಗಸಿನ ಭುಜದ ನೆರಳು. ಕೈ ಒಂದು ಚೂರು ನಿಧಾನವಾದರೆ ಅದೂ ಮಸುಕಾಗುತ್ತಿತ್ತು. ಅವಳಿಗೆ ಗಾಬರಿಯಾಯಿತು. ಈಗ ನಿಲ್ಲಿಸಿದರೆ ಆ ಹೆಂಗಸು ಹೋಗಿಬಿಡುತ್ತಾಳೆ, ಮಗು ಒಬ್ಬಂಟಿಯಾಗುತ್ತದೆ ಎಂಬ ಗಾಬರಿ. ರಟ್ಟೆ ನೋಯುತ್ತಿತ್ತು. ಹಣೆಯ ಬೆವರು ಕಣ್ಣಿಗಿಳಿದರೂ ಒರೆಸಿಕೊಳ್ಳಲು ಕೈ ಬಿಡಲಿಲ್ಲ.

*ಕೈ ನಿಲ್ಲಿಸಿದರೆ ಮಂಜು.*

"ನಿಲ್ಲಿಸಲ್ಲಮ್ಮ, ನಿಲ್ಲಿಸಲ್ಲ" ಎಂದು ಅವಳು ಗಟ್ಟಿಯಾಗಿಯೇ ಹೇಳಿದಳು.

ನಾಲ್ಕನೆಯ ನಿಮಿಷಕ್ಕೆ ಗಾಜಿನ ಹಿಂದೆ ಎರಡು ಅಂಗೈಗಳು ಮೂಡಿದವು. ಅವಳ ಎರಡು ಆಲೂಗಡ್ಡೆ ಹೋಳುಗಳ ಹಿಂದೆಯೇ ಸರಿಯಾಗಿ. ಅವಳ ಕೈ ಎಡಕ್ಕೆ ಹೋದರೆ ಅವೂ ಎಡಕ್ಕೆ, ಮೇಲೆ ಹೋದರೆ ಮೇಲೆ. ಆ ಕಡೆಯಿಂದ ಯಾರೋ ಇಷ್ಟು ಹೊತ್ತೂ ಅವಳ ಜೊತೆಗೇ ಒರೆಸುತ್ತಿದ್ದರು. ಒಂದು ಹೋಳು ಕೈಜಾರಿ ನೆಲಕ್ಕೆ ಬಿತ್ತು. ಅವಳು ಬರಿಗೈಯಲ್ಲೇ ಒರೆಸಿದಳು. ಆಗ ಮಂಜೆಲ್ಲ ಒಮ್ಮೆಲೇ ಕರಗಿ ಇಡೀ ಗಾಜು ತಿಳಿಯಾಯಿತು. ನಡುವೆ ಒಂದೇ ಸಾಲು ಉಳಿದಿತ್ತು.

*ಈ ಕಡೆಯಿಂದ ನಾನೂ ಒರೆಸುತ್ತಿದ್ದೆ, ಮಗಳೇ.*

ಫಳಫಳಮ್ಮ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತಳು. ಅವಳ ಕೆಲಸ ಎಂಥದೆಂದರೆ, ಮಾಡಿದರೆ ಯಾರಿಗೂ ಕಾಣುವುದಿಲ್ಲ, ಮಾಡದಿದ್ದರೆ ಎಲ್ಲರಿಗೂ ಕಾಣುತ್ತದೆ. ಗಾಜಿನ ಆಚೆ ಕಡೆಯಿಂದ ಒಬ್ಬರು ಕೈಗೆ ಕೈ ಜೋಡಿಸಿದ್ದು ಇದೇ ಮೊದಲು. ಅಳು ಬಂತು, ಅಳುವಿನ ಜೊತೆಗೆ ಸಂತೋಷವೂ ಬಂತು. ಗಾಜಿನ ಮೇಲೆ ಮೆಲ್ಲಗೆ ಮಂಜು ತುಂಬಿಕೊಳ್ಳುತ್ತಿರುವುದನ್ನು ನೋಡಿ ಮೊದಲ ಸಲ ಸಿಟ್ಟು ಬರಲಿಲ್ಲ.

ಅರ್ಧ ಗಂಟೆ ಕಳೆದಿರಲಿಲ್ಲ, ಒಬ್ಬಳು ಹುಡುಗಿ ಬಾಗಿಲು ತಳ್ಳಿಕೊಂಡು ಓಡಿ ಬಂದಳು. ಕೂದಲು ಬಾಚಿರಲಿಲ್ಲ, ಒಂದು ಕಾಲಿಗೆ ಒಂದು ಬಣ್ಣದ ಚಪ್ಪಲಿ, ಇನ್ನೊಂದಕ್ಕೆ ಇನ್ನೊಂದು. ಕುತ್ತಿಗೆಗೆ ಯಾವುದೋ ಯಂತ್ರದ ತಂತಿ ಸುತ್ತಿಕೊಂಡಿತ್ತು, ಅದನ್ನು ತೆಗೆಯಲೂ ಮರೆತಿದ್ದಳು.

"ಯಾರು? ಯಾರು ಓದಿದ್ದು?" ಎಂದು ಏದುಸಿರು ಬಿಟ್ಟಳು. "ಎಂಟು ಹದಿನೈದಕ್ಕೆ ಇಲ್ಲಿ ಯಾರಿದ್ರು?"

ಫಳಫಳಮ್ಮ ಗಡಬಡಿಸಿ ಎದ್ದಳು. ಆಲೂಗಡ್ಡೆಯ ಹೋಳುಗಳನ್ನು ಸೆರಗಿನೊಳಗೆ ಸೇರಿಸಿ, "ನಾನೇನೂ ಓದಿಲ್ಲಮ್ಮ, ಒರೆಸ್ತಿದ್ದೆ ಅಷ್ಟೇ" ಎಂದಳು.

ಹುಡುಗಿ ಅವಳನ್ನು ನೋಡಿದಳು, ಗಾಜನ್ನು ನೋಡಿದಳು, ಕೆಳಗೆ ಬಿದ್ದಿದ್ದ ಆಲೂಗಡ್ಡೆಯ ಚೂರನ್ನೂ ನೋಡಿದಳು. ಆಮೇಲೆ ನೆಲದ ಮೇಲೆ ಕುಕ್ಕರಿಸಿ ನಗತೊಡಗಿದಳು. ಆ ಕವನ ಅವಳದೇ. ಕವನ ಬರೆದದ್ದೂ ಅವಳೇ, ಅದಕ್ಕೆ ಮಂಜು ಹಿಡಿಸಿದವಳೂ ಅವಳೇ. ಮನೆಯಲ್ಲಿ ಕೂತು ಮೂರು ವಾರದಿಂದ ತನ್ನ ಕಂಪ್ಯೂಟರಿನಲ್ಲಿ ಕಾಯುತ್ತಿದ್ದಳಂತೆ, ಕವನವನ್ನು ಎಷ್ಟು ಜನ ಕೊನೆತನಕ ಓದಿದರೆಂದು. ದಿನಾ ಬೆಳಗ್ಗೆ ಎಂಟು ಹತ್ತಕ್ಕೆ ಯಾರೋ ಒಬ್ಬರು ಶುರು ಮಾಡಿ ಅರ್ಧಕ್ಕೇ ಬಿಟ್ಟು ಹೋಗುತ್ತಿದ್ದರು. ಅವರನ್ನು ಬಿಟ್ಟರೆ ಯಾರೂ ಇಲ್ಲ. ಇವತ್ತು ಸೊನ್ನೆ ಹೋಗಿ ಒಂದು ಬಂದಿತ್ತು.

"ಆಲೂಗಡ್ಡೆ ಕೂಡ ಗೊತ್ತಾಗುತ್ತಾ ಅದಕ್ಕೆ?"

"ಚೌಕಟ್ಟಿನ ಒಳಗೆ ಕಣ್ಣಿಗೆ ಕಾಣದ ಬೆಳಕಿನ ಗೆರೆಗಳಿವೆ ಅಕ್ಕ. ಏನು ಅಡ್ಡ ಬಂದ್ರೂ ಗೊತ್ತಾಗುತ್ತೆ. ಬೆರಳು, ಬಟ್ಟೆ... ಆಲೂಗಡ್ಡೆ ನಾನು ಯೋಚಿಸಿರಲಿಲ್ಲ."

"ಅಲ್ಲಮ್ಮ, ಬರೆದದ್ದನ್ನ ನೀಟಾಗಿ ಕಾಗದದ ಮೇಲೆ ಕೊಡೋದಲ್ವಾ? ಓದೋರ ರಟ್ಟೆ ಯಾಕೆ ಮುರೀಬೇಕು?"

"ಕಾಗದದ ಮೇಲೂ ಬರೆದಿದ್ದೆ" ಎಂದಳು ತಂತಿ ಹುಡುಗಿ. "ಓದಿದೋರೆಲ್ಲ 'ಪಾಪ' ಅಂದ್ರು, ಪುಟ ತಿರುಗಿಸಿದ್ರು. ಏಳು ವರ್ಷದವಳಿದ್ದಾಗ ಒಂದು ತಿಂಗಳು ಅಂಟುರೋಗದ ವಾರ್ಡಲ್ಲಿದ್ದೆ. ಅಮ್ಮ ದಿನಾ ಕಿಟಕಿಗೆ ಬರ್ತಿದ್ರು. ನನ್ನ ಉಸಿರಿಗೇ ಗಾಜು ಮಂಜಾಗ್ತಿತ್ತು, ಒರೆಸ್ತಿದ್ದೆ, ಮತ್ತೆ ಮಂಜಾಗ್ತಿತ್ತು. ಹೊರಗಡೆ ಚಳಿಗೆ ಅವರ ಕಡೆನೂ ಮಂಜು, ಅವರೂ ಒರೆಸ್ತಿದ್ರು. ಅದು ನನಗೆ ಗೊತ್ತಾಗಿದ್ದು ದೊಡ್ಡೋಳಾದ ಮೇಲೆ. ಓದೋರಿಗೆ ಪಾಪ ಅನ್ನಿಸೋದು ಬೇಕಿರಲಿಲ್ಲ ಅಕ್ಕ. ಕೈ ನಿಲ್ಲಿಸಿದ್ರೆ ಅಮ್ಮ ಹೋಗ್ತಾಳೆ ಅಂತ ಅವರಿಗೇ ಭಯ ಆಗ್ಬೇಕಿತ್ತು. ಕಾಗದಕ್ಕೆ ಅದು ಬರಲ್ಲ."

"ನನಗಾಯ್ತು" ಎಂದಳು ಫಳಫಳಮ್ಮ. "ಈಗ ನಿಮ್ಮಮ್ಮ?"

"ಮನೇಲಿದ್ದಾರೆ. ಊಟ ಮಾಡಿಲ್ಲ ಅಂತ ದಿನಾ ಜಗಳ ತೆಗೀತಾರೆ." ಹುಡುಗಿ ನಕ್ಕಳು. ನಕ್ಕು ಮುಗಿಯುವುದರೊಳಗೆ ಪಕ್ಕದ ಬೋರ್ಡು ಕಣ್ಣಿಗೆ ಬಿತ್ತು. "ಇದನ್ನ ಯಾರು ಇಟ್ರು? ಮುಟ್ಟಬೇಡಿ ಅಂತ? ಅದಕ್ಕೇ ಯಾರೂ... ಅಕ್ಕ, ಯಾರೋ ಹದಿನೈದು ದೂರು ಬೇರೆ ಕೊಟ್ಟಿದಾರಂತೆ. ಶನಿವಾರ ತೆಗೆಸ್ತಾರಂತೆ. ನಿನ್ನೆ ಪತ್ರ ಬಂತು. ನಾನೇನು ಮಾಡಿದೀನಿ ಅವರಿಗೆ?"

ಯಾರಿಗೂ ಹೆದರದ ಫಳಫಳಮ್ಮ ಆವತ್ತು ಹೆದರಿ ಬಕೆಟ್ಟು ಎತ್ತಿಕೊಂಡು ಮಹಡಿ ಹತ್ತಿದಳು. ಹದಿನಾಲ್ಕು ಪೆಟ್ಟಿಗೆಗಳನ್ನೂ ಎರಡೆರಡು ಸಲ ಒರೆಸಿದಳು. ಎಲ್ಲ ಪೆಟ್ಟಿಗೆಗಳಲ್ಲೂ ಅವಳ ಮುಖವೇ ಕಾಣುತ್ತಿತ್ತು, ಅದನ್ನು ನೋಡಲು ಅವಳಿಗೆ ಇಷ್ಟವಾಗಲಿಲ್ಲ.

ಸಂಜೆ ಗಂಡನಿಗೆ ಎಲ್ಲ ಹೇಳಿದಳು. ಆಲೂಗಡ್ಡೆ ಗೆದ್ದ ಸುದ್ದಿಗೆ ಅವನು ಮೀಸೆ ತಿರುವಿದ, ಉಳಿದದ್ದು ಕೇಳಿ ಚಾಚಿದ್ದ ಬಲಗಾಲನ್ನು ಹಿಂದಕ್ಕೆ ಎಳೆದುಕೊಂಡ.

"ಸುಮ್ಮನಿದ್ದುಬಿಡ್ಲಾ? ದೂರು ಕೊಟ್ಟೋಳು ನಾನೇ ಅಂತ ಆ ಹುಡುಗಿಗೆ ಗೊತ್ತಿಲ್ಲ. ಎಲ್ಲರ ಮುಂದೆ ತಪ್ಪಾಯ್ತು ಅಂದ್ರೆ, ನಾಳೆಯಿಂದ ನಾನು ಬರೆದದ್ದನ್ನ ಯಾರು ನಂಬ್ತಾರೆ?"

"ಒಂದು ಸಲ ನಾನು ಐವತ್ತು ಜನರನ್ನ ಕೂರಿಸ್ಕೊಂಡು ತಪ್ಪು ದಾರಿ ಹಿಡಿದಿದ್ದೆ" ಎಂದ ಗಂಡ. "ಮೂರು ಮೈಲಿ ಹೋದ ಮೇಲೆ ಗೊತ್ತಾಯ್ತು. ನಗ್ತಾರೆ ಅಂತ ಮುಂದೆ ಮುಂದೆ ಹೋಗ್ತಾ ಇರೋಕಾಗುತ್ತಾ? ಹಿಂದಕ್ಕೆ ತಗೊಂಡೆ. ನಕ್ಕರು. ಊರು ಸೇರಿದ ಮೇಲೆ ಯಾರೂ ನೆನಪಿಟ್ಕೊಳ್ಳಲಿಲ್ಲ, ನನ್ನ ಕಂಡಕ್ಟರ್ ಒಬ್ಬನ್ನ ಬಿಟ್ಟು."

ಶನಿವಾರ ಸಮಿತಿಯವರು ಐದು ಜನ ಬಂದರು. ಮುಂದೆ ಅಧ್ಯಕ್ಷರು. ಅವರು ಹೆಸರಾಂತ ಕಣ್ಣಿನ ಡಾಕ್ಟರು, ಆದರೆ ಅವರ ಕನ್ನಡಕದ ಮೇಲೆ ಯಾವಾಗಲೂ ಹೆಬ್ಬೆರಳಿನ ಗುರುತು. ಅದನ್ನೊಮ್ಮೆ ಕಿತ್ತುಕೊಂಡು ಒರೆಸಬೇಕೆಂದು ಫಳಫಳಮ್ಮನ ಕೈ ಒಂಬತ್ತು ವರ್ಷದಿಂದ ತುರಿಸುತ್ತಿತ್ತು. ತಂತಿ ಹುಡುಗಿ ಗಾಜಿನ ಪಕ್ಕ ನಿಂತು ಮಾತಾಡಿದಳು. ಹೆದರಿಕೆಗೆ ಅವಳಿಗೂ ಫಲಕದ ಭಾಷೆಯೇ ಬಂತು. ಮಾಧ್ಯಮ ಎಂದಳು, ಸಂವಾದ ಎಂದಳು, ಅಭಿವ್ಯಕ್ತಿ ಎಂದಳು. ಸಮಿತಿಯಲ್ಲೊಬ್ಬರು ಗಡಿಯಾರ ನೋಡಿಕೊಂಡರು.

"ನೋಡಮ್ಮ" ಎಂದರು ಅಧ್ಯಕ್ಷರು, ದೂರು ಪುಸ್ತಕ ಬಿಡಿಸಿಕೊಂಡು. "ನೀನು ಹೇಳೋದೆಲ್ಲ ಇರಬಹುದು. ಆದ್ರೆ ಇಲ್ಲಿ ಹದಿನೈದು ದೂರು ಇದೆ. ಯಾರ್ಯಾರೋ ಬರೆದಿದ್ರೆ ಬಿಡಬಹುದಿತ್ತು. ಬರೆದಿರೋರು ಇಲ್ಲೇ ನಿಂತಿದಾರಲ್ಲ, ನಮ್ಮ ಫಳಫಳಮ್ಮ. ಅವರು ಕೆಟ್ಟಿದೆ ಅಂದ್ರೆ ಕೆಟ್ಟಿದೆ."

ಹುಡುಗಿ ತಿರುಗಿ ಫಳಫಳಮ್ಮನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ನಂಬಲಾಗದ ಬೆರಗಿತ್ತು. ಸಿಟ್ಟಿದ್ದರೆ ಫಳಫಳಮ್ಮನಿಗೆ ಸುಲಭವಾಗುತ್ತಿತ್ತು.

ಅವಳು ಮುಂದೆ ಬಂದು 'ಮುಟ್ಟಬೇಡಿ' ಬೋರ್ಡನ್ನು ಕಂಕುಳಲ್ಲಿ ಇರುಕಿಕೊಂಡಳು.

"ಕೆಟ್ಟಿಲ್ಲ ಸಾರ್. ನನಗೇ ಗೊತ್ತಾಗ್ಲಿಲ್ಲ. ಬೋರ್ಡು ಇಟ್ಟು ಜನ ಬರದ ಹಾಗೆ ಮಾಡಿದ್ದೂ ನಾನೇ. ದೂರು ಹದಿನೈದೂ ತಪ್ಪು."

ಗ್ರಂಥಪಾಲಕರು ಕಕ್ಕಾಬಿಕ್ಕಿಯಾದರು. ಅಧ್ಯಕ್ಷರು, "ಹದಿನೈದೂನಾ?" ಎಂದರು. ಹಿಂದೆ ಯಾರೋ ಕಿಸಕ್ಕೆಂದು ನಕ್ಕರು. ಫಳಫಳಮ್ಮನ ಕಿವಿ ಬಿಸಿಯಾಯಿತು. ಇಪ್ಪತ್ತಾರು ವರ್ಷ ಒಂದೇ ನಿಮಿಷದಲ್ಲಿ ನೀರಿಗೆ ಹೋದಂತೆ ಅವಳಿಗೆ ನೋವಾಯಿತು. ಆದರೂ ಕಂಕುಳಿನ ಬೋರ್ಡು ಬಿಡಲಿಲ್ಲ.

"ಈ ಮಾತು ಹೇಳಿ ತಿಳಿಯೋದಲ್ಲ ಸಾರ್. ಒರೆಸಿ ನೋಡಿ" ಎಂದಳು.

"ನಾನಾ?"

"ನೀವೇ. ಅಧ್ಯಕ್ಷರಲ್ವಾ?"

ಅಧ್ಯಕ್ಷರು ಎರಡು ಬೆರಳಿನಿಂದ, ರೋಗಿಯ ರೆಪ್ಪೆ ಎತ್ತುವಷ್ಟು ನಾಜೂಕಾಗಿ, ಗಾಜಿನ ಮೇಲೊಂದು ಗೆರೆ ಎಳೆದರು. 'ಹಾಸಿಗೆ' ಎಂಬಷ್ಟು ಕಂಡು ಮುಚ್ಚಿಹೋಯಿತು.

"ಮನೇಲಿ ಒರೆಸಿ ಅಭ್ಯಾಸ ಇಲ್ಲ ಅನ್ಸುತ್ತೆ" ಎಂದಳು ಫಳಫಳಮ್ಮ. ಈಗ ಎಲ್ಲರೂ ನಕ್ಕರು. "ಎರಡೂ ಕೈ ಹಾಕಿ. ಅಂಗೈ ಪೂರ್ತಿ. ಗುಂಡಗೆ, ಗುಂಡಗೆ. ನಿಲ್ಲಿಸ್ಬೇಡಿ, ಯಾರು ಕರೆದ್ರೂ ತಿರುಗಬೇಡಿ. ಮೇಲಿಂದು ಮಂಜಾಗ್ತಾ ಇದೆ, ಅಲ್ಲಿ, ಅಲ್ಲಿ ನೋಡಿ, ಬೇಗ!"

ಅಧ್ಯಕ್ಷರು ಕೋಟು ಬಿಚ್ಚಿ ಗ್ರಂಥಪಾಲಕರ ಕೈಗೆ ಕೊಟ್ಟರು. ಒಂದು ನಿಮಿಷದ ಮೇಲೆ ನಗು ನಿಂತಿತು. ಎರಡು ನಿಮಿಷದ ಮೇಲೆ ಗಡಿಯಾರ ನೋಡಿಕೊಂಡವರು, "ಸಾರ್, ಎಡಗಡೆ ಹೋಗ್ತಾ ಇದೆ, ಎಡಗಡೆ!" ಎಂದು ಕೂಗಿ ತಾವೂ ಒಂದು ಕೈ ಹಾಕಿದರು. ಸಾಲುಗಳು ಬಂದವು, ಭುಜದ ನೆರಳು ಬಂತು. ಅಧ್ಯಕ್ಷರ ಉಸಿರು ಜೋರಾಗಿ ಕೇಳುತ್ತಿತ್ತು. ಅಂಗೈಗಳು ಅವರ ಅಂಗೈಗಳ ಹಿಂದೆ ಮೂಡಿ, ಅವರು ಹೋದಲ್ಲೆಲ್ಲ ಹಿಂಬಾಲಿಸಿದಾಗ ಅವರು 'ಅಯ್ಯೋ' ಎಂದದ್ದು ಮಗುವಿನ ದನಿಯಲ್ಲಿತ್ತು. ಗಾಜು ತಿಳಿಯಾಯಿತು. ಅವರು ಕೊನೆಯ ಸಾಲನ್ನು ಓದಿ, ಕೈಗಳನ್ನು ಅಲ್ಲೇ ಇಟ್ಟುಕೊಂಡು ಸ್ವಲ್ಪ ಹೊತ್ತು ನಿಂತರು.

ಆಮೇಲೆ ಕನ್ನಡಕ ತೆಗೆದರು. ಅವರ ಕಣ್ಣು ಒದ್ದೆಯಾಗಿತ್ತು. ಫಳಫಳಮ್ಮ ಕೇಳದೆಯೇ ಕನ್ನಡಕವನ್ನು ಅವರ ಕೈಯಿಂದ ತೆಗೆದುಕೊಂಡು, ಒಣಗಿದ ಬಟ್ಟೆಯ ಅಂಚಿನಿಂದ ಎರಡೂ ಕಡೆ ಒರೆಸಿ ಹಿಂದಕ್ಕೆ ಕೊಟ್ಟಳು.

"ಇಷ್ಟು ದಿನ ನಾನು ಏನು ನೋಡ್ತಿದ್ದೆ?" ಎಂದರು ಅಧ್ಯಕ್ಷರು, ಕನ್ನಡಕ ಹಾಕಿಕೊಂಡು ಸುತ್ತ ನೋಡುತ್ತ.

"ನಿಮ್ಮ ಹೆಬ್ಬೆರಳು ಸಾರ್" ಎಂದಳು ಫಳಫಳಮ್ಮ.

ಕಪಾಟಿನ ಮಾತನ್ನು ಯಾರೂ ಮತ್ತೆ ಎತ್ತಲಿಲ್ಲ. ಕಾರ್ಯದರ್ಶಿ ಮಾತ್ರ ದೂರು ಪುಸ್ತಕ ಹಿಡಿದು ಪೇಚಾಡಿದರು: ಹದಿನೈದು ದೂರು ಬಾಕಿ ಇದ್ದರೆ ಪರದೆ ಇಟ್ಟುಕೊಳ್ಳುವ ಹಾಗಿಲ್ಲ, ನೇಮ ನೇಮವೇ. ಎಲ್ಲರೂ ಫಳಫಳಮ್ಮನ ಕಡೆ ನೋಡಿದರು. ತಂತಿ ಹುಡುಗಿ ಮೇಜಿನ ಮೇಲಿದ್ದ ಪೆನ್ನು ತಂದು ಅವಳ ಕೈಗಿತ್ತಳು. ಕೊಡುವಾಗ ಅವಳ ಬೆರಳುಗಳನ್ನು ಒಂದು ಗಳಿಗೆ ಹಿಡಿದುಕೊಂಡಳು.

"ಸಿಟ್ಟಿಲ್ವೇನಮ್ಮ?" ಎಂದು ಫಳಫಳಮ್ಮ ಮೆಲ್ಲಗೆ ಕೇಳಿದಳು.

"ಹದಿನೈದು ದಿನ ಬಿಡದೆ ಬಂದೋರು ನೀವೊಬ್ಬರೇ ಅಕ್ಕ" ಎಂದಳು ಹುಡುಗಿ.

ಫಳಫಳಮ್ಮ ಪುಸ್ತಕವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟುಕೊಂಡು ನಿಧಾನವಾಗಿ, ದಪ್ಪ ಅಕ್ಷರಗಳಲ್ಲಿ ಬರೆದಳು: 'ಗಾಜು ಸರಿಯಾಗಿದೆ. ದಿನಾ ಒರೆಸಬೇಕು. ಎರಡೂ ಕಡೆಯಿಂದ.' ಕೆಳಗೆ ಸಹಿ ಹಾಕಿದಳು. ಆಮೇಲೆ ಬಟ್ಟೆ ಹಿಂಡಿ, ಅಧ್ಯಕ್ಷರ ಕೈಗುರುತು ಬಿದ್ದಿದ್ದ ಗಾಜನ್ನು ಮೇಲಿನಿಂದ ಒರೆಸಲು ಶುರು ಮಾಡಿದಳು, ಗಟ್ಟಿಯಾಗಿ ಓದುತ್ತ.